ಭಾಷಣ ಮಾಡುವುದು, ಭಾಷಣ ಬಿಡಿಸುವುದು

1916ರ ಮೇ 1ರಂದು ಬಾಲಗಂಗಾಧರ ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯದ ಕುರಿತು ಮರಾಠಿಯಲ್ಲಿ ಒಂದು ಭಾಷಣ ಮಾಡಿದರು. ಸರ್ಕಾರ ಅದನ್ನೂ ಅಹ್ಮದ್‌ನಗರದಲ್ಲಿ ಅವರು ಮಾಡಿದ ಇನ್ನೆರಡು ಭಾಷಣಗಳನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ, ರಾಜದ್ರೋಹದ ಮಾತುಗಳೆಂದು ಪುಣೆಯ ಮ್ಯಾಜಿಸ್ಟ್ರೇಟರ ಮುಂದಿಟ್ಟಿತು. ಒಳ್ಳೆಯ ನಡತೆಗೆ 20,000 ರೂಪಾಯಿಯ ಮುಚ್ಚಳಿಕೆ ಬರೆದುಕೊಡಬೇಕೆಂದು ಆದೇಶವಾಯಿತು. ತಿಲಕರ ಪರ ವಾದಿಸಿದವರು ಮಹಮ್ಮದ್ ಅಲಿ ಜಿನ್ನಾ. ನವೆಂಬರಿನಲ್ಲಿ ಮುಂಬಯಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು. ಅಲ್ಲೊಂದು ಇಲ್ಲೊಂದು ಸಾಲು ಹೆಕ್ಕಿ ತೀರ್ಮಾನಿಸಬಾರದು, ಭಾಷಣವನ್ನು ಇಡಿಯಾಗಿ ಓದಬೇಕು, ಯಾವ ಪಕ್ಷದ ಪರವಾಗಿಯೂ ಅರ್ಥವನ್ನು ಎಳೆಯಬಾರದು ಎಂಬುದು ನ್ಯಾಯಮೂರ್ತಿ ಬ್ಯಾಚಲರ್ ಅವರ ನಿಲುವು. ಚಕ್ರವರ್ತಿ ಬೇರೆ, ನೌಕರಶಾಹಿ ಬೇರೆ ಎಂದು ತಿಲಕರು ಮಾತಿನಲ್ಲಿ ಎಳೆದಿದ್ದ ಗೆರೆ ಎಷ್ಟು ಜಾಣತನದ್ದು ಎಂಬುದು ಹಾಗೆ ಇಡಿಯಾಗಿ ಓದಿದಾಗಲೇ ತಿಳಿಯುವುದು.

ಬೆಳಗಾವಿ ಸೀಮೆಯ ಒಂದು ರಾಜಕೀಯ ಭಾಷಣಕ್ಕೆ ಇಷ್ಟು ಸೂಕ್ಷ್ಮವಾದ ಓದು ಸಿಕ್ಕಿದ್ದು ಕೋರ್ಟಿನಲ್ಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲಾ ಕೋಣೆಗಳಿಗೆ ಆ ಓದು ಇನ್ನೂ ಪೂರ್ತಿಯಾಗಿ ಬಂದಿಲ್ಲ.

ಬರಲು ಬೇಕಾದ ಸಲಕರಣೆಗೆ ಇಲ್ಲಿ ಕೊರತೆಯಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸುವ ನಾಲ್ಕು ಊರುಗಳಲ್ಲಿ ಒಂಕುಂದವೂ ಒಂದು. ಅದೇ ಇಂದಿನ ಬೈಲಹೊಂಗಲ ತಾಲೂಕಿನ, ಮಲಪ್ರಭೆಯ ದಂಡೆಯ ಒಕ್ಕುಂದ. ಮಾತು ಎಲ್ಲಿ ಕೆಡುತ್ತದೆ, ಎಲ್ಲಿ ಬೆಳಗುತ್ತದೆ ಎಂದು ದೋಷ, ಅಲಂಕಾರಗಳ ಲೆಕ್ಕ ಹಿಡಿದು ಹೇಳುವ ಗ್ರಂಥ ಅದು. ಆ ಲೆಕ್ಕದ ಒಂದು ತುಣುಕು ಇಂದಿಗೂ ಹೈಸ್ಕೂಲಿನಲ್ಲಿ ಉಳಿದಿದೆ: ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಪದ ಗುರುತಿಸಿ ಸಮನ್ವಯ ಮಾಡಿ ಎಂಬ ಪ್ರಶ್ನೆ. ಮಕ್ಕಳು ಅದನ್ನು ಪದ್ಯಗಳ ಮೇಲೆ ಪ್ರಯೋಗಿಸಿ ಅಂಕ ಪಡೆಯುತ್ತಾರೆ. ವೇದಿಕೆಯ ಮೇಲಿನ ಮಾತಿಗೆ ಅದನ್ನು ಹಚ್ಚಿ ನೋಡಿ ಎಂದು ಅವರಿಗೆ ಹೇಳುವವರು ವಿರಳ.

ಹಚ್ಚಿ ನೋಡಿದರೆ ಏನಾಗುತ್ತದೆ? 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ‘ಡಬಲ್ ಇಂಜಿನ್ ಸರ್ಕಾರ’ ಎಂದಿತು. ರೂಪಕ. ಕೇಂದ್ರ, ರಾಜ್ಯವೆಂಬ ಎರಡು ಇಂಜಿನ್ ಒಂದೇ ಕಡೆಗೆ ಎಳೆದರೆ ವೇಗ ಹೆಚ್ಚು ಎಂಬುದು ಸಮಾನಧರ್ಮ. ಹಳಿ ಹಾಕುವವರು ಯಾರು, ರಾಜ್ಯದ ಹಿತ ಮತ್ತು ಕೇಂದ್ರದ ನಿರ್ಧಾರ ಎದುರುಬದುರಾದಾಗ ಬೋಗಿ ಎತ್ತ ಹೋಗಬೇಕು ಎಂಬುದು ಆ ರೂಪಕದಲ್ಲಿ ಇಲ್ಲ. ಕಾಂಗ್ರೆಸ್ ‘40 ಪರ್ಸೆಂಟ್ ಸರ್ಕಾರ’ ಎಂದಿತು. ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದಲ್ಲಿದ್ದ 40 ಪರ್ಸೆಂಟ್ ಕಮಿಷನ್ನಿನ ಆರೋಪವೊಂದು ಸಾಕ್ಷ್ಯ, ವಿಚಾರಣೆಗಳ ಮೆಟ್ಟಿಲನ್ನೆಲ್ಲ ದಾಟಿ ವಿಶೇಷಣವಾಗಿಬಿಟ್ಟಿತು. ಅಂಕಿ ಇದ್ದಲ್ಲಿ ಪುರಾವೆಯೂ ಇರುತ್ತದೆ ಎಂದು ಕಿವಿ ನಂಬಿಬಿಡುತ್ತದೆ. ಎರಡು ಪಕ್ಷ, ಎರಡು ತಂತ್ರ, ಒಂದು ಪೀರಿಯಡ್ಡಿನ ಪಾಠ.

ಅಕ್ಷರ ಬಾರದ ಕಾಲದಲ್ಲಿಯೂ ಈ ಸೀಮೆಯ ಮಂದಿಗೆ ವಾದ ತೂಗುವ ಕಿವಿ ಇತ್ತು. ಗೀಗೀ ಮೇಳಗಳ ಹರದೇಶಿ–ನಾಗೇಶಿ ಪೈಪೋಟಿಯಲ್ಲಿ ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ರಾತ್ರಿಯಿಡೀ ಹಾಡುತ್ತಿತ್ತು. ಪ್ರಶ್ನೆ ಎಸೆದವರು ಯಾರು, ಉತ್ತರ ತಪ್ಪಿಸಿಕೊಂಡವರು ಯಾರು ಎಂದು ಕೂತವರಿಗೆ ಗೊತ್ತಾಗುತ್ತಿತ್ತು. ಬ್ರಿಟಿಷರ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅವನ ಲಾವಣಿಗಳು ಅಲ್ಲಿಂದಾಚೆಗೆ ಊರೂರು ತಿರುಗಿದವು. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಆಳುವವರ ವಿರುದ್ಧದ ಮಾತು ಜನರ ನಡುವೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಅಂಥ ಹಾಡುಗಳಿಗಿಂತ ಒಳ್ಳೆಯ ಪಠ್ಯ ಸಿಕ್ಕುವುದು ಕಷ್ಟ.

ಹೊರಗಿನ ಜಗತ್ತಿನಲ್ಲಿ ಈ ಕಲಿಕೆಗೆ ಉದ್ದನೆಯ ಚರಿತ್ರೆಯಿದೆ. ಮಾತುಗಾರನ ನಡತೆ, ಕೇಳುಗರ ಭಾವನೆ, ವಾದದ ತರ್ಕ ಎಂಬ ಅರಿಸ್ಟಾಟಲನ ಮೂರು ಭಾಗ ಇಂದಿಗೂ ಪಾಠದಲ್ಲಿವೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಪ್ರಚಾರ ವಿಶ್ಲೇಷಣಾ ಸಂಸ್ಥೆ ಶಾಲೆಗಳಿಗಾಗಿ ಏಳು ತಂತ್ರಗಳ ಪಟ್ಟಿ ಕೊಟ್ಟಿತು: ಹೆಸರಿಟ್ಟು ಹಳಿಯುವುದು, ಪೂಜ್ಯರ ಹೆಸರಿನ ಬಲವನ್ನು ತನ್ನ ಮೇಲೆ ಎಳೆದುಕೊಳ್ಳುವುದು, ತಾನೂ ನಿಮ್ಮಂಥವನೇ ಎನ್ನುವುದು, ಎಲ್ಲರೂ ಇತ್ತಲೇ ಬರುತ್ತಿದ್ದಾರೆ ಎನ್ನುವುದು ಇತ್ಯಾದಿ. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ, 1942ರಲ್ಲಿ, ಸಂಸ್ಥೆ ಬಾಗಿಲು ಮುಚ್ಚಿತು. ಪ್ರಚಾರವನ್ನು ಪ್ರಶ್ನಿಸುವ ಪಾಠ ಅತಿ ಅಗತ್ಯವಾದ ಹೊತ್ತಿನಲ್ಲೇ ನಿಂತುಹೋಯಿತು.

ಇಲ್ಲಿನ ಶಾಲೆಗಳು ನಡೆದದ್ದು ಬೇರೆ ದಾರಿ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಗಳಲ್ಲಿ ಭಾಷಣ, ಆಶುಭಾಷಣ, ಚರ್ಚೆ ಎಲ್ಲ ಇವೆ. ಮಾಡುವವರಿಗೆ ಬಹುಮಾನವಿದೆ, ಕೇಳಿ ಬಿಡಿಸುವವರಿಗಿಲ್ಲ. ಕಪ್ಪ ಕೇಳಿದ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ರಾಣಿ ಚೆನ್ನಮ್ಮ ಕೊಡುವ ಉತ್ತರ ಕಿತ್ತೂರು ಸೀಮೆಯ ಮಕ್ಕಳಿಗೆ ಬಾಯಿಪಾಠ. ಅದು ಜನಪ್ರಿಯವಾದದ್ದು ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಿಂದ. ಪಂತುಲು ಅವರೇ 1959ರಲ್ಲಿ ತಮಿಳಿನಲ್ಲಿ ಮಾಡಿದ ‘ವೀರಪಾಂಡಿಯ ಕಟ್ಟಬೊಮ್ಮನ್’ ಚಿತ್ರದಲ್ಲೂ ಇಂಥದೇ ಮಾತಿನ ಘಟ್ಟವಿದೆ. ಚೆನ್ನಮ್ಮನ ಮಾತಿನಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಬರುತ್ತದೆ, ಪ್ರತಿಯೊಂದಕ್ಕೂ ಉತ್ತರ ‘ಇಲ್ಲ’ ಎಂದೇ. ದುಡಿಯದವನಿಗೆ ಪಾಲಿಲ್ಲ ಎಂಬ ರೈತನ ನ್ಯಾಯ ರಾಣಿಯ ಬಾಯಲ್ಲಿ ಗುಡುಗುತ್ತದೆ.

ಇತಿಹಾಸದ ಕಡತ ತೆರೆದರೆ ಜಗಳದ ಮೂಲ ಬೇರೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಉತ್ತರಾಧಿಕಾರಿಯ ದತ್ತಕವನ್ನು ಥ್ಯಾಕರೆ ಮಾನ್ಯ ಮಾಡಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಚೆನ್ನಮ್ಮ ಅಧಿಕಾರಿಗಳಿಗೆ ಪತ್ರ ಬರೆದು ನ್ಯಾಯ ಕೇಳಿದಳು, ಫಲವಾಗಲಿಲ್ಲ. ಅಕ್ಟೋಬರ್ 23ರಂದು ಯುದ್ಧವಾಗಿ ಥ್ಯಾಕರೆ ಸತ್ತ. ಉತ್ತರಾಧಿಕಾರದ ತಕರಾರನ್ನು ಚಿತ್ರ ಹೊಲದ ಭಾಷೆಗೆ ತಿರುಗಿಸಿತು. ಅದಕ್ಕೇ ಅದು ಹಳ್ಳಿಯ ಎದೆಗೆ ನಾಟಿತು. ಇನ್ನೊಂದು ಪ್ರಶ್ನೆಯನ್ನೂ ಮಕ್ಕಳು ಕೇಳಬಹುದು: ಉತ್ತವನಿಗಷ್ಟೇ ಬೆಳೆ ಎಂಬ ವಾದ ನಿಲ್ಲುವುದಾದರೆ, ಸಂಸ್ಥಾನ ತನ್ನ ರೈತರಿಂದ ಪಡೆಯುತ್ತಿದ್ದ ಕಂದಾಯಕ್ಕೆ ಅದು ಹೇಗೆ ಅನ್ವಯಿಸುತ್ತದೆ? ಈ ಪ್ರಶ್ನೆಯಿಂದ ಚೆನ್ನಮ್ಮನ ಶೌರ್ಯಕ್ಕೆ ಕುಂದಿಲ್ಲ. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ ಪ್ರಾಣ ಬಿಟ್ಟವಳ ಹಿರಿಮೆ ಸಿನಿಮಾ ಸಂಭಾಷಣೆಯ ಆಸರೆಯಲ್ಲಿ ನಿಂತದ್ದಲ್ಲ.

ಸರ್ಕಾರಿ ಪ್ರಯತ್ನಗಳೂ ಉಂಟು. ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ 1966ರಲ್ಲಿ ಯುವ ಸಂಸತ್ತು ಸ್ಪರ್ಧೆ ಆರಂಭಿಸಿತು. ಚುನಾವಣಾ ಆಯೋಗ 2018ರಲ್ಲಿ ಶಾಲೆ, ಕಾಲೇಜುಗಳಲ್ಲಿ ಚುನಾವಣಾ ಸಾಕ್ಷರತಾ ಸಂಘಗಳನ್ನು ತಂದಿತು. 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಅಧಿವೇಶನದ ದಿನಗಳಲ್ಲಿ ಶಾಲಾ ಮಕ್ಕಳು ಬಸ್ಸು ಮಾಡಿಕೊಂಡು ಬರುತ್ತಾರೆ. ಮತದಾನದ ಕ್ರಮ, ಸದನದ ರೀತಿ ಕಲಿತಂತಾಗುತ್ತದೆ. ಸದನದಲ್ಲಿ ಆಡಿದ ಮಾತನ್ನು ಮರುದಿನ ತರಗತಿಯಲ್ಲಿ ಹರಡಿಕೊಂಡು ಕೂರುವ ಕೆಲಸ ಬಾಕಿ ಉಳಿಯುತ್ತದೆ.

ಭಾಷಣವೇ ಪಠ್ಯಪುಸ್ತಕದೊಳಗೆ ಬಂದ ಸಂದರ್ಭವೂ ಇದೆ. 2022ರಲ್ಲಿ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೆ ಆರೆಸ್ಸೆಸ್ ಸ್ಥಾಪಕ ಕೇಶವ ಬಲಿರಾಮ ಹೆಡ್ಗೇವಾರ್ ಅವರ ಭಾಷಣ ಸೇರಿತು. ಸರ್ಕಾರ ಬದಲಾದ ಮೇಲೆ 2023ರ ಜೂನಿನಲ್ಲಿ ಅದನ್ನು ಕೈಬಿಡಲು ಸಂಪುಟ ತೀರ್ಮಾನಿಸಿತು. ತಿಂಗಳುಗಟ್ಟಲೆ ನಡೆದ ಗದ್ದಲವೆಲ್ಲ ಯಾರ ಭಾಷಣ ಎಂಬುದರ ಸುತ್ತ. ಆ ಭಾಷಣ ತನ್ನ ವಾದವನ್ನು ಹೇಗೆ ಕಟ್ಟುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬ ಚರ್ಚೆಗೆ ಜಾಗವೇ ಆಗಲಿಲ್ಲ. ಯಾವ ಸರ್ಕಾರ ಬಂದರೂ ಮಕ್ಕಳ ಕೈಗೆ ಈ ಎರಡನೆಯ ಪ್ರಶ್ನೆ ಸಿಗಬೇಕಿತ್ತು.

ಬೆಳಗಾವಿಯ ವೇದಿಕೆಗಳಿಂದ ಹೊಸ ಪಾಠಗಳು ಬರುತ್ತಲೇ ಇವೆ. 2024ರ ಏಪ್ರಿಲ್ 28ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿ ಮಾತನಾಡುತ್ತ, ರಾಜಮಹಾರಾಜರ ಕುರಿತ ರಾಹುಲ್ ಗಾಂಧಿಯವರ ಮಾತು ಶಿವಾಜಿ, ಚೆನ್ನಮ್ಮರಿಗೆ ಮಾಡಿದ ಅವಮಾನ ಎಂದರು. ರಾಹುಲ್ ಅವರ ಮೂಲ ಭಾಷಣವನ್ನು ಪಕ್ಕದಲ್ಲಿಟ್ಟು ಇಡಿಯಾಗಿ ಓದಿದರೆ ಆ ತೀರ್ಮಾನ ನಿಲ್ಲುತ್ತದೆಯೇ ಎಂದು ವಿದ್ಯಾರ್ಥಿಯೇ ಹೇಳಲಿ. 2025ರ ಜನವರಿ 21ರಂದು ಕಾಂಗ್ರೆಸ್ ಇದೇ ಊರಿನಲ್ಲಿ ‘ಜೈ ಬಾಪು, ಜೈ ಭೀಮ್, ಜೈ ಸಂವಿಧಾನ’ ಸಮಾವೇಶ ನಡೆಸಿತು. ಮೂರು ಬಡಿತದ ಲಯ ಕಿವಿಗೆ ಹಿತ. 1932ರ ಪುಣೆ ಒಪ್ಪಂದದ ಹೊತ್ತಿನಲ್ಲಿ ಗಾಂಧೀಜಿ ಮತ್ತು ಅಂಬೇಡ್ಕರರ ನಡುವೆ ಇದ್ದ ತೀವ್ರ ಭಿನ್ನಮತ ಆ ಲಯದೊಳಗೆ ಕಾಣದೆ ಹೋಗುತ್ತದೆ.

ಮಲಪ್ರಭೆಯ ನೀರಿನ ಮೇಲೆ ಬದುಕುವ ಸವದತ್ತಿ, ರಾಮದುರ್ಗಗಳಿಗೆ ಮಹದಾಯಿ ನದಿನೀರಿನ ವಿವಾದಕ್ಕಿಂತ ಹತ್ತಿರದ ಉದಾಹರಣೆ ಬೇಡ. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ. ವೇದಿಕೆಯ ಮೇಲೆ ಹೆಚ್ಚು ಕೇಳುವ ಅಂಕಿ ಅದೇ. ಅದರಲ್ಲಿ 8.02 ಟಿಎಂಸಿ ಜಲವಿದ್ಯುತ್ತಿಗೆ. ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಾತ್ರ ಮಲಪ್ರಭೆಗೆ ತಿರುಗಬೇಕಾದದ್ದು. ದೊಡ್ಡ ಅಂಕಿಯನ್ನು ಹೇಳಿದವರು ಸುಳ್ಳಾಡಿಲ್ಲ, ಆದರೆ ನವಿಲುತೀರ್ಥದ ಜಲಾಶಯಕ್ಕೆ ಎಷ್ಟು ಬರುತ್ತದೆ ಎಂದು ತಿಳಿಯಲು ಬಂದ ರೈತನಿಗೆ ಉತ್ತರ ಸಿಕ್ಕಿಲ್ಲ. ಅಂಕಿ ಕೇಳಿದೊಡನೆ ಅದನ್ನು ಒಡೆದು ನೋಡುವ ಅಭ್ಯಾಸವನ್ನು ಗಣಿತದ ಮೇಷ್ಟ್ರೂ ಕಲಿಸಬಲ್ಲರು.

ಶಿಕ್ಷಕರ ಅಂಜಿಕೆ ಅರ್ಥವಾಗುವಂಥದು. ಒಂದು ಪಕ್ಷದ ಭಾಷಣ ಬಿಡಿಸಿದರೆ ಇನ್ನೊಂದು ಪಕ್ಷದವರೆಂಬ ಹಣೆಪಟ್ಟಿ ಬೀಳುತ್ತದೆ. ಹಾಗಿದ್ದರೆ ಹಳೆಯದರಿಂದ ಶುರುಮಾಡಬಹುದು: ತಿಲಕರ 1916ರ ಭಾಷಣ, 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಗಾಂಧೀಜಿ ಚರಕ, ಅಸ್ಪೃಶ್ಯತಾ ನಿವಾರಣೆ, ಹಿಂದೂ–ಮುಸ್ಲಿಂ ಐಕ್ಯದ ಬಗ್ಗೆ ಆಡಿದ ಮಾತು, 1939ರಲ್ಲಿ ರಾಮದುರ್ಗ ಸಂಸ್ಥಾನದ ವಿರುದ್ಧದ ಬಂಡಾಯದಲ್ಲಿ ನಡೆದ ರಕ್ತಪಾತದ ಬಳಿಕ ‘ಹರಿಜನ’ ಪತ್ರಿಕೆಯಲ್ಲಿ ಅವರು ಬರೆದದ್ದು, 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕೊಟ್ಟ ಎಚ್ಚರಿಕೆ. ಆಮೇಲೆ ಇಂದಿನವು, ಒಂದರ ಪಕ್ಕ ಇನ್ನೊಂದು ಪಕ್ಷದ್ದು.

ಶಿಕ್ಷಣ ಇಲಾಖೆ ಪ್ರತಿಭಾ ಕಾರಂಜಿಗೆ ಇನ್ನೊಂದು ಸ್ಪರ್ಧೆ ಸೇರಿಸಲಿ: ಹತ್ತು ನಿಮಿಷದ ಭಾಷಣ ಕೇಳಿಸಿ, ಅದರ ವಾದ, ಪುರಾವೆ, ಅಲಂಕಾರ, ಬಿಟ್ಟುಹೋದ ಸಂಗತಿ ಬರೆಯಿಸುವ ಸ್ಪರ್ಧೆ. ಅದಕ್ಕೆ ಕಾಗದ, ಪೆನ್ನು, ಒಂದು ಸ್ಪೀಕರ್ ಸಾಕು. ಮೊದಲ ಸ್ಪರ್ಧೆಯನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲೇ ನಡೆಸಿ ನೋಡಲಿ.