ಗೆರೆ ಸರಿದ ಅಂಕಣದಲ್ಲಿ ದಿವ್ಯಾ ಸಿಂಗ್

ದಿಲ್ಲಿಗೆ ಹೋಗಿಬಂದ ಕನ್ನಡಿಗರಿಗೆ ಚಾಣಕ್ಯಪುರಿ ಎಂದರೆ ಕೌಟಿಲ್ಯ ಮಾರ್ಗದ ಕರ್ನಾಟಕ ಭವನ. ಮಂತ್ರಿಗಳ ಕಾರು, ಕಡತ ಹಿಡಿದು ಕಾಯುವವರು, ಬೆಳಗಿನ ಇಡ್ಲಿ. ಅಲ್ಲಿಂದಾಚೆಗೆ ರಾಯಭಾರ ಕಚೇರಿಗಳ ಎತ್ತರದ ಗೋಡೆಗಳು. ಆದರೆ ಇದೇ ಬಡಾವಣೆಯಲ್ಲಿ ಎರಡು ಹೆಣ್ಣುಮಕ್ಕಳ ಕಾಲೇಜುಗಳೂ ಇವೆ: 1967ರಲ್ಲಿ ಶುರುವಾದ ಮೈತ್ರೇಯಿ, 1968ರ ಜೀಸಸ್ ಅಂಡ್ ಮೇರಿ. ಎರಡನೆಯದರ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವರು ಪ್ರತಿಮಾ ಸಿಂಗ್. 2016ರಲ್ಲಿ ಇಶಾಂತ್ ಶರ್ಮಾ ಅವರನ್ನು ಮದುವೆಯಾದ ಮೇಲೆ ಪತ್ರಿಕೆಗಳಿಗೆ ಆಕೆ ಕ್ರಿಕೆಟಿಗನ ಹೆಂಡತಿಯಾದರು. ಭಾರತ ತಂಡದ ಅಂಗಿ ತೊಟ್ಟಿದ್ದು ಅದಕ್ಕೂ ಎಷ್ಟೋ ಮೊದಲು.

ಪ್ರತಿಮಾ ಒಬ್ಬರೇ ಅಲ್ಲ. ವಾರಾಣಸಿಯ ಅವರ ಮನೆಯಿಂದ ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ನಾಲ್ವರು ಸಹೋದರಿಯರೂ ದೇಶಕ್ಕೆ ಆಡಿದರು. ಎಲ್ಲರಿಗಿಂತ ಹಿರಿಯರಾದ ಪ್ರಿಯಾಂಕಾ ಕೋಚ್ ಆದರು. ಇವರು ಚೆಂಡು ಹಿಡಿದು ಕಲಿತದ್ದು ಉದಯ ಪ್ರತಾಪ್ ಕಾಲೇಜಿನ ಮೈದಾನದಲ್ಲಿ. ಭಿಂಗಾದ ರಾಜರು 1909ರಲ್ಲಿ ಕಟ್ಟಿಸಿದ ವಿದ್ಯಾಸಂಸ್ಥೆ ಅದು. ಪುರುಷರ ತಂಡದ ನಾಯಕರಾಗಿದ್ದ ವಿಶೇಷ್ ಭೃಗುವಂಶಿಯೂ ವಾರಾಣಸಿಯವರೇ.

ದಿಲ್ಲಿಗೂ ಈ ಆಟಕ್ಕೂ ಹಳೆಯ ನಂಟು. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹುಟ್ಟುಹಾಕಿದ ಆಟವನ್ನು ಇಲ್ಲಿಗೆ ತಂದದ್ದು ವೈಎಂಸಿಎ. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ದೈಹಿಕ ಶಿಕ್ಷಣ ಕಾಲೇಜು ತೆರೆದ ಮೇಲೆ ಅದು ಶಾಲಾ ಮೇಷ್ಟ್ರುಗಳ ಮೂಲಕ ಊರೂರಿಗೆ ಹಬ್ಬಿತು. ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1934ರಲ್ಲಿ, ದಿಲ್ಲಿಯಲ್ಲೇ. ಹುಡುಗಿಯರಿಗೆ ಬಾಗಿಲು ತೆರೆದದ್ದು ಆಮೇಲೆ. ಆದರೆ ತೆರೆದ ಮೇಲೆ ದಾರಿ ಒಂದು ಮಟ್ಟಿಗೆ ಸ್ಪಷ್ಟವಾಗಿತ್ತು: ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟು, ಬಳಿಕ ರೈಲ್ವೆಯಲ್ಲೋ ಟೆಲಿಫೋನ್ ನಿಗಮದಲ್ಲೋ ಕೆಲಸ. ಸಿಂಗ್ ಸಹೋದರಿಯರಲ್ಲಿ ಕೆಲವರು ದಿಲ್ಲಿಯ ಎಂಟಿಎನ್ಎಲ್ ತಂಡಕ್ಕೆ ಆಡಿದ್ದು ಹೀಗೆ. ಸರ್ಕಾರಿ ಸಂಬಳ ಇಲ್ಲದಿದ್ದರೆ ನಮ್ಮ ಮಹಿಳಾ ಬಾಸ್ಕೆಟ್‌ಬಾಲ್ ಇಪ್ಪತ್ತು ದಾಟಿದ ಕೂಡಲೇ ಮದುವೆ ಮಂಟಪದಲ್ಲಿ ಮುಗಿದುಹೋಗುತ್ತಿತ್ತು.

ದಿವ್ಯಾ ಆಡಿದ ಕಾಲ ವಿಚಿತ್ರವಾದದ್ದು. ಆಟದ ಅಳತೆಗಳೇ ಆಗ ಒಂದೊಂದಾಗಿ ಬದಲಾದವು. 2000ದಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಇಪ್ಪತ್ತು ನಿಮಿಷಗಳ ಎರಡು ಅರ್ಧಗಳನ್ನು ಕೈಬಿಟ್ಟು ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್ ತಂದಿತು. ಚೆಂಡು ಕೈಗೆ ಬಂದ ತಂಡ ಬುಟ್ಟಿಗೆ ಎಸೆಯಬೇಕಾದ ಅವಧಿ 30 ಸೆಕೆಂಡಿನಿಂದ 24ಕ್ಕೆ ಇಳಿಯಿತು. ಆರು ಸೆಕೆಂಡು ಏನು ಮಹಾ ಎನ್ನಿಸಬಹುದು. ನಿಧಾನಕ್ಕೆ ಚೆಂಡು ಪುಟಿಸುತ್ತಾ ಬಂದು, ಅಂಕಣದ ನಡುವೆ ನಿಂತು, ಯಾರು ಖಾಲಿ ಇದ್ದಾರೆಂದು ನೋಡುವ ಗಾರ್ಡ್‌ಗೆ ಆ ಆರು ಸೆಕೆಂಡೇ ಯೋಚನೆಯ ಹೊತ್ತು. ಆಮೇಲೆ ಮಹಿಳೆಯರ ಚೆಂಡು ಏಳನೇ ಅಳತೆಯಿಂದ ಆರಕ್ಕೆ ಸಣ್ಣದಾಯಿತು. ಸುತ್ತಳತೆ ಸುಮಾರು ಒಂದು ಅಂಗುಲ ಕಡಿಮೆ, ತೂಕವೂ ಕಡಿಮೆ. ದೊಡ್ಡ ಚೆಂಡಿಗೆ ಪಳಗಿದ ಬೆರಳುಗಳು ಅದೇ ಎಸೆತವನ್ನು ಮತ್ತೆ ಕಲಿಯಬೇಕಾಯಿತು. ರಿಂಗು ಮಾತ್ರ 3.05 ಮೀಟರ್ ಎತ್ತರದಲ್ಲೇ ಉಳಿಯಿತು.

2006ರಲ್ಲಿ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಬಾಸ್ಕೆಟ್‌ಬಾಲ್ ಮೊದಲ ಸಲ ಸೇರಿತು. ಭಾರತದ ಮಹಿಳಾ ತಂಡವನ್ನು ಮುನ್ನಡೆಸಿದವರು ದಿವ್ಯಾ.

ನಾಯಕಿಯಾದವಳ ಮುಂದಿನ ಮೆಟ್ಟಿಲು ಯಾವುದು? ಆಟಗಾರ್ತಿಗೆ ಕೋಟಾ ಇತ್ತು, ನೌಕರಿ ಇತ್ತು. ಕೋಚ್ ಆಗಬಯಸುವ ಹೆಂಗಸಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇತ್ತು, ಅದರಾಚೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ದಿವ್ಯಾ ಹಿಡಿದದ್ದು ಬೇರೆ ದಾರಿ. 2008ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ನಿರ್ವಹಣೆ ಓದಲು ಸೇರಿದರು, ಅಲ್ಲಿನ ಮಹಿಳಾ ತಂಡದ ತರಬೇತಿಯಲ್ಲೂ ಕೈಜೋಡಿಸಿದರು. ಮುಂದೆ ಡಬ್ಲ್ಯುಎನ್‌ಬಿಎ ತಾರೆಯಾದ ಎಲೆನಾ ಡೆಲ್ ಡಾನ್ ಆ ತಂಡಕ್ಕೆ ಬಂದದ್ದು 2009ರಲ್ಲಿ. ತಮಾಷೆಯೆಂದರೆ ಅಮೆರಿಕದ ಕಾಲೇಜು ಹುಡುಗಿಯರು ಆಗಿನ್ನೂ ಆಡುತ್ತಿದ್ದದ್ದು ಇಪ್ಪತ್ತು ನಿಮಿಷಗಳ ಎರಡು ಅರ್ಧ, 30 ಸೆಕೆಂಡಿನ ಗಡಿಯಾರ. ಇಲ್ಲಿ ಬಿಟ್ಟ ನಿಯಮ ಅಲ್ಲಿ ಕಾದಿತ್ತು.

2010ರಲ್ಲಿ ಅವರ ಓದು ಮುಗಿಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ಮೂರು ಅಂಕದ ಗೆರೆ 6.25 ಮೀಟರ್‌ನಿಂದ 6.75ಕ್ಕೆ ಸರಿಯಿತು, ರಿಂಗಿನಡಿಯ ತ್ರಾಪಿಜ್ಯ ಆಯತವಾಯಿತು. ತಾನು ಆಡಿದ ಅಂಕಣ ಬೇರೆ, ಕಲಿಸಬೇಕಾದ ಅಂಕಣ ಬೇರೆ. ಶಾಲೆಗಳ ಸಿಮೆಂಟ್ ಅಂಕಣಗಳಲ್ಲಿ ಹಳೆಯ ಗೆರೆಯ ಪಕ್ಕಕ್ಕೇ ಹೊಸ ಬಣ್ಣ ಬಳಿಯುವ ಕಾಲ ಅದು. 2011ರಲ್ಲಿ ವಿಯೆಟ್ನಾಂನ ನಾ ಟ್ರಾಂಗ್‌ನಲ್ಲಿ ನಡೆದ ಏಷ್ಯಾ 16 ವರ್ಷದೊಳಗಿನವರ ಚಾಂಪಿಯನ್‌ಷಿಪ್‌ಗೆ ಭಾರತದ ಬಾಲಕರ ತಂಡ ಹೊರಟಾಗ ಸಹಾಯಕ ಕೋಚ್ ದಿವ್ಯಾ. ಹುಡುಗರ ಬೆಂಚಿನಲ್ಲಿ ಮಹಿಳಾ ಕೋಚ್! ಸುದ್ದಿಯಾಗಬೇಕಿತ್ತು. ಅಷ್ಟಾಗಿ ಆಗಲಿಲ್ಲ. 2014ರ ಜನವರಿಯಲ್ಲಿ ಗೋವಾದಲ್ಲಿ ಲೂಸೊಫೋನಿ ಕ್ರೀಡಾಕೂಟ ನಡೆಯಿತು. ಪೋರ್ಚುಗೀಸರ ಆಳ್ವಿಕೆ ಕಂಡ ನಾಡುಗಳ ಕೂಟವದು, ಗೋವಾದ ನೆಪದಲ್ಲಿ ಭಾರತಕ್ಕೂ ಜಾಗ. ಅಲ್ಲಿ ಮಹಿಳಾ ತಂಡದ ಹೊಣೆ ಅವರದಾಗಿತ್ತು.

ದೊಡ್ಡ ಟೂರ್ನಿಗಳ ಮಾತು ಬೇರೆ. 2010ರಲ್ಲಿ ಬಾಸ್ಕೆಟ್‌ಬಾಲ್ ಫೆಡರೇಷನ್ ಐಎಂಜಿ-ರಿಲಯನ್ಸ್ ಜೊತೆ 30 ವರ್ಷದ ಒಪ್ಪಂದ ಮಾಡಿಕೊಂಡಿತು, ಹಣ ಬಂತು, ಹಣದ ಹಿಂದೆ ವಿದೇಶಿ ಕೋಚ್‌ಗಳೂ ಬಂದರು. ಮಹಿಳಾ ತಂಡಕ್ಕೆ 2011ರಲ್ಲಿ ಅಮೆರಿಕದ ಪೀಟ್ ಗಾಡೆ, 2013ರಲ್ಲಿ ಸ್ಪೇನಿನ ಫ್ರಾನ್ಸಿಸ್ಕೊ ಗಾರ್ಸಿಯಾ. ಗಾರ್ಸಿಯಾ ಕೈಕೆಳಗೆ ತಂಡ ಏಷ್ಯಾದಲ್ಲಿ ಐದನೆಯದಾಯಿತು, ಅದುವರೆಗಿನ ಅತ್ಯುತ್ತಮ ಸ್ಥಾನ ಅದು. ಹಾಗಾಗಿ ಹೊರಗಿನವರು ಬೇಡವಿತ್ತು ಎನ್ನಲಾಗದು. ಆದರೆ ಅವರ ಪಕ್ಕದಲ್ಲಿ ಕೂತು ಕಲಿತ ನಮ್ಮ ಹೆಂಗಸರಲ್ಲಿ ಒಬ್ಬರನ್ನಾದರೂ ಮುಂದಿನ ಸರದಿಗೆ ತಯಾರು ಮಾಡಬೇಕಿತ್ತು, ಆ ಯೋಜನೆ ಯಾರ ಕಡತದಲ್ಲೂ ಇದ್ದಂತೆ ಕಾಣದು.

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಅನಿತಾ ಪಾಲ್‌ದುರೈ, ನಮ್ಮ ನವನೀತಾ ಇದ್ದ ತಂಡ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. ಬೆಂಚಿನ ಮುಂದೆ ನಿಂತಿದ್ದವರು ಸರ್ಬಿಯಾದ ಜೋರಾನ್ ವಿಸಿಕ್. ಅದೇ ವರ್ಷ ಪ್ರಶಾಂತಿಗೆ ಅರ್ಜುನ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ. ಎರಡೂ ಆಟಗಾರ್ತಿಗೆ ಸಂದದ್ದು.