ಮುನ್ನೆಚ್ಚರಿಕೆ ಅಂಕ

ಮುನ್ನೆಚ್ಚರಿಕೆ ಅಂಕ ಎಂಬುದು ಆಸ್ಪತ್ರೆಯಲ್ಲಿ ದಾಖಲಾಗಿರುವ ರೋಗಿಯ ಸ್ಥಿತಿ ಹದಗೆಡುತ್ತಿರುವುದನ್ನು ಬೇಗನೆ ಗುರುತಿಸಲು ಬಳಸುವ ಎಣಿಕೆಯ ವಿಧಾನ. ಇಂಗ್ಲಿಷ್‌ನಲ್ಲಿ ಇದನ್ನು ಅರ್ಲಿ ವಾರ್ನಿಂಗ್ ಸ್ಕೋರ್ ಎನ್ನುತ್ತಾರೆ. ಶುಶ್ರೂಷಕರು ನಿಗದಿತ ವೇಳೆಗೆ ಅಳೆಯುವ ಉಸಿರಾಟ, ನಾಡಿಮಿಡಿತ, ರಕ್ತದೊತ್ತಡ ಮೊದಲಾದ ಜೀವಲಕ್ಷಣಗಳು ಸಹಜ ಮಟ್ಟದಿಂದ ಎಷ್ಟು ದೂರ ಸರಿದಿವೆ ಎಂಬುದನ್ನು ಆಧರಿಸಿ ಅಂಕ ನೀಡಲಾಗುತ್ತದೆ. ಒಟ್ಟು ಅಂಕ ಒಂದು ಮಿತಿಯನ್ನು ತಲುಪಿದಾಗ ವೈದ್ಯರನ್ನು ಕರೆಯುವುದು ಕಡ್ಡಾಯವಾಗುತ್ತದೆ. ಇದು ರೋಗನಿದಾನದ ಸಾಧನವಲ್ಲ. ರೋಗಿಗೆ ಏನಾಗಿದೆ ಎಂಬುದನ್ನು ಅದು ಹೇಳುವುದಿಲ್ಲ, ಆತನನ್ನು ಎಷ್ಟು ಬೇಗ ನೋಡಬೇಕು ಎಂಬುದನ್ನು ಮಾತ್ರ ಸೂಚಿಸುತ್ತದೆ.

ಹಿನ್ನೆಲೆ

ವಾರ್ಡಿನಲ್ಲಿರುವ ರೋಗಿಯ ಹೃದಯ ಸ್ತಂಭನ ಹಲವು ವೇಳೆ ಹಠಾತ್ತಾಗಿ ಸಂಭವಿಸುವುದಿಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು ಆಸ್ಪತ್ರೆಯಲ್ಲಿದ್ದಾಗಲೇ ಹೃದಯ ಸ್ತಂಭನಕ್ಕೆ ಒಳಗಾದ 64 ರೋಗಿಗಳನ್ನು ಪರಿಶೀಲಿಸಿತು. ಅವರಲ್ಲಿ ಶೇಕಡ 84ರಷ್ಟು ಮಂದಿಯಲ್ಲಿ, ಸ್ತಂಭನಕ್ಕೆ ಮೊದಲಿನ 8 ಗಂಟೆಗಳೊಳಗೆ ಸ್ಥಿತಿ ಹದಗೆಟ್ಟ ಅಥವಾ ಹೊಸ ತೊಂದರೆ ಕಾಣಿಸಿಕೊಂಡ ದಾಖಲೆಯಿತ್ತು. ಸೂಚನೆಗಳು ದೊರೆತರೂ ಅವುಗಳನ್ನು ಒಟ್ಟಾಗಿ ನೋಡಿ ಸಕಾಲದಲ್ಲಿ ಕ್ರಮ ಕೈಗೊಳ್ಳುವ ವ್ಯವಸ್ಥೆ ಬೇಕೆಂಬ ಅರಿವು ಇಂತಹ ಅಧ್ಯಯನಗಳಿಂದ ಬೆಳೆಯಿತು.

ಇತಿಹಾಸ

1997ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಗನ್ ಮತ್ತು ಸಂಗಡಿಗರು ಇಂತಹ ಮೊದಲ ಅಂಕಪದ್ಧತಿಯೊಂದನ್ನು ಪ್ರಕಟಿಸಿದರು. ಮುಂದೆ ಹಲವು ಆಸ್ಪತ್ರೆಗಳು ತಮ್ಮದೇ ಮಾರ್ಪಾಡುಗಳನ್ನು ಮಾಡಿಕೊಂಡವು. ಇದರಿಂದ ಒಂದೇ ರೋಗಿಗೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಬೇರೆ ಬೇರೆ ಅಂಕ ಬರುವಂತಾಯಿತು. ಈ ಗೊಂದಲವನ್ನು ನಿವಾರಿಸಲು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕವನ್ನು (ನ್ಯೂಸ್) ರೂಪಿಸಿತು. ಅದರ ಪರಿಷ್ಕೃತ ರೂಪವಾದ ನ್ಯೂಸ್-2 ಡಿಸೆಂಬರ್ 2017ರಲ್ಲಿ ಪ್ರಕಟವಾಯಿತು. ಹೊಸದಾಗಿ ಕಾಣಿಸಿಕೊಂಡ ಗೊಂದಲದ ಮನಃಸ್ಥಿತಿಗೂ 3 ಅಂಕ ನೀಡುವುದು ಈ ಪರಿಷ್ಕರಣೆಯ ಮುಖ್ಯ ಬದಲಾವಣೆಗಳಲ್ಲಿ ಒಂದು.

ಅಂಕ ನೀಡುವ ಕ್ರಮ

ನ್ಯೂಸ್-2ರಲ್ಲಿ ಆರು ಜೀವಲಕ್ಷಣಗಳನ್ನು ಅಳೆಯಲಾಗುತ್ತದೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕವಿದೆ. ಸೊನ್ನೆ ಅಂಕ ದೊರೆಯುವ ಮಟ್ಟಗಳು ಹೀಗಿವೆ:

* ಉಸಿರಾಟ: ನಿಮಿಷಕ್ಕೆ 12–20
* ರಕ್ತದ ಆಮ್ಲಜನಕ ಪ್ರಮಾಣ: ಶೇಕಡ 96 ಮತ್ತು ಹೆಚ್ಚು
* ಸಂಕೋಚನ ರಕ್ತದೊತ್ತಡ (ಮೇಲಿನ ಅಂಕಿ): 111–219
* ನಾಡಿಮಿಡಿತ: ನಿಮಿಷಕ್ಕೆ 51–90
* ಪ್ರಜ್ಞೆ: ಪೂರ್ಣ ಎಚ್ಚರ
* ದೇಹದ ಉಷ್ಣತೆ: 36.1–38.0 ಡಿಗ್ರಿ ಸೆಲ್ಸಿಯಸ್

ರೋಗಿಗೆ ಆಮ್ಲಜನಕ ನೀಡಲಾಗುತ್ತಿದ್ದರೆ ಹೆಚ್ಚುವರಿಯಾಗಿ 2 ಅಂಕ ಸೇರುತ್ತದೆ.

ಒಟ್ಟು ಅಂಕ ಸೊನ್ನೆಯಾದರೆ ಕನಿಷ್ಠ 12 ಗಂಟೆಗೊಮ್ಮೆ, 1–4 ಆದರೆ ಕನಿಷ್ಠ 4–6 ಗಂಟೆಗೊಮ್ಮೆ ಮರುಪರೀಕ್ಷೆ ನಡೆಯಬೇಕು. ಯಾವುದೇ ಒಂದು ಲಕ್ಷಣಕ್ಕೆ 3 ಅಂಕ ಬಂದರೆ, ಅಥವಾ ಒಟ್ಟು 5–6 ಆದರೆ, ಕನಿಷ್ಠ ಗಂಟೆಗೊಮ್ಮೆ ನೋಡಬೇಕು. 5–6 ಅಂಕ ಬಂದಾಗ ವೈದ್ಯರ ತುರ್ತು ಪರಿಶೀಲನೆ ಅಗತ್ಯ. 7 ಅಥವಾ ಹೆಚ್ಚಿನ ಅಂಕಕ್ಕೆ ನಿರಂತರ ನಿಗಾ ಮತ್ತು ತೀವ್ರ ನಿಗಾ ಪರಿಣತರ ತಂಡದ ಅತಿ ತುರ್ತು ತಪಾಸಣೆ ಬೇಕು.

ಉದಾಹರಣೆ

ಶಸ್ತ್ರಚಿಕಿತ್ಸೆಯ ಮರುದಿನ ಒಬ್ಬ ವಯಸ್ಕ ರೋಗಿಯ ಉಸಿರಾಟ 22 (2 ಅಂಕ), ಆಮ್ಲಜನಕ ಶೇಕಡ 95 (1), ರಕ್ತದೊತ್ತಡ 108 (1), ನಾಡಿ 104 (1), ಉಷ್ಣತೆ 38.4 (1) ಇದೆ ಎಂದುಕೊಳ್ಳಬಹುದು. ರೋಗಿ ಎಚ್ಚರವಾಗಿದ್ದು ಮಾತನಾಡುತ್ತಿದ್ದಾನೆ. ಇವುಗಳಲ್ಲಿ ಯಾವುದೂ ತಾನೇತಾನಾಗಿ ಗಾಬರಿ ಹುಟ್ಟಿಸುವಂಥದ್ದಲ್ಲ. ಆದರೆ ಒಟ್ಟು ಅಂಕ 6. ಸೋಂಕು ಹರಡುತ್ತಿರುವ ಸಾಧ್ಯತೆಯನ್ನು ವೈದ್ಯರು ತುರ್ತಾಗಿ ಪರಿಶೀಲಿಸಬೇಕಾದ ಸ್ಥಿತಿ ಇದು.

ಇದೇ ರೋಗಿಯ ಉಸಿರನ್ನು ಎಣಿಸದೆ ಅಂದಾಜಿನಿಂದ 18 ಎಂದು ಬರೆದರೆ ಒಟ್ಟು 4ಕ್ಕೆ ಇಳಿಯುತ್ತದೆ. ಆಗ ಮುಂದಿನ ಪರೀಕ್ಷೆ 4ರಿಂದ 6 ಗಂಟೆಗಳ ನಂತರ ನಡೆದರೂ ನಿಯಮದ ಪಾಲನೆಯಾದಂತೆಯೇ ಕಾಣುತ್ತದೆ.

ಉಸಿರಾಟದ ಎಣಿಕೆ

ಸಾಮಾನ್ಯ ವಾರ್ಡುಗಳಲ್ಲಿ ರಕ್ತದೊತ್ತಡ, ನಾಡಿ, ಆಮ್ಲಜನಕ ಮತ್ತು ಉಷ್ಣತೆಯನ್ನು ಉಪಕರಣಗಳು ತೋರಿಸುತ್ತವೆ. ಉಸಿರಾಟವನ್ನು ಮಾತ್ರ ಹೆಚ್ಚಾಗಿ ಕಣ್ಣಿನಿಂದ ನೋಡಿಯೇ ಎಣಿಸಬೇಕು. ಕೆಲಸದ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದು ಇದೇ. 16, 18, 20 ಎಂಬ ಅಂಕಿಗಳನ್ನು ರೂಢಿಯಂತೆ ಬರೆದುಬಿಡುವುದು ಹಲವು ದೇಶಗಳ ಆಸ್ಪತ್ರೆಗಳಲ್ಲಿ ಕಂಡುಬಂದಿರುವ ದೋಷ. ಆದರೆ ಸ್ಥಿತಿ ಹದಗೆಡುವಾಗ ಬಹುಬೇಗ ಬದಲಾಗುವ ಲಕ್ಷಣಗಳಲ್ಲಿ ಉಸಿರಾಟವೂ ಒಂದು. ಎಣಿಸುತ್ತಿರುವುದು ತಿಳಿದರೆ ರೋಗಿಯ ಉಸಿರಿನ ಲಯ ಬದಲಾಗಬಹುದಾದ್ದರಿಂದ, ನಾಡಿ ಹಿಡಿದಿರುವಂತೆಯೇ ಎದೆಯ ಏರಿಳಿತವನ್ನು ಪೂರ್ಣ ಒಂದು ನಿಮಿಷ ಗಮನಿಸಲು ಕಲಿಸಲಾಗುತ್ತದೆ.

ಶುಶ್ರೂಷಕರ ತೀರ್ಮಾನ

ಅಂಕ ಕಡಿಮೆ ಇದ್ದರೂ ಶುಶ್ರೂಷಕರಿಗೆ ಆತಂಕವೆನಿಸಿದರೆ ವೈದ್ಯರನ್ನು ಕರೆಯಬೇಕು ಎಂಬುದು ಈ ಪದ್ಧತಿಯ ಭಾಗವೇ ಆಗಿದೆ. ಮುಖದ ಬಣ್ಣ ಬದಲಾಗುವುದು, ತಣ್ಣನೆಯ ಬೆವರು, ಚಡಪಡಿಕೆ, ಹೆಚ್ಚುತ್ತಿರುವ ನೋವು, 'ಏನೋ ಸರಿಯಿಲ್ಲ' ಎಂಬ ರೋಗಿಯ ಮಾತು ಇವು ಯಾವುವೂ ಅಂಕಪಟ್ಟಿಯಲ್ಲಿ ಇಲ್ಲ. ಬಂಧುಗಳ ಮಾತಿಗೂ ಬೆಲೆಯಿದೆ, ಏಕೆಂದರೆ ರೋಗಿಯ ಎಂದಿನ ನಡವಳಿಕೆ ಅವರಿಗೆ ಚೆನ್ನಾಗಿ ಗೊತ್ತು. ಇಂಗ್ಲೆಂಡಿನಲ್ಲಿ 2024ರಿಂದ ಜಾರಿಗೆ ಬರುತ್ತಿರುವ 'ಮಾರ್ಥಾ ನಿಯಮ'ವು ರೋಗಿಗಳು, ಬಂಧುಗಳು ಮತ್ತು ಸಿಬ್ಬಂದಿ ಬೇರೊಂದು ತಂಡದಿಂದ ತುರ್ತು ಪರಿಶೀಲನೆ ಕೋರಲು ಅವಕಾಶ ನೀಡುತ್ತದೆ.

ಗುರುತಿಸಿದ್ದನ್ನು ಸ್ಪಷ್ಟವಾಗಿ ತಿಳಿಸುವುದೂ ಅಷ್ಟೇ ಮುಖ್ಯ. ಇದಕ್ಕಾಗಿ ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ ಎಂಬ ನಾಲ್ಕು ಹಂತಗಳ ಎಸ್‌ಬಿಎಆರ್ ಕ್ರಮವನ್ನು ಬಳಸಲಾಗುತ್ತದೆ. 'ರೋಗಿಗೆ ಹುಷಾರಿಲ್ಲ' ಎನ್ನುವುದರ ಬದಲು, ಅಂಕ 2ರಿಂದ 6ಕ್ಕೆ ಏರಿದೆ, ಸೋಂಕಿನ ಶಂಕೆಯಿದೆ, ಕೂಡಲೇ ಬಂದು ನೋಡಬೇಕು ಎಂದು ಹೇಳಲು ಇದು ನೆರವಾಗುತ್ತದೆ.

ಮಿತಿಗಳು

ನ್ಯೂಸ್-2 ಅನ್ನು 16 ವರ್ಷಕ್ಕಿಂತ ಕಿರಿಯರಿಗೆ ಮತ್ತು ಗರ್ಭಿಣಿಯರಿಗೆ ಬಳಸುವಂತಿಲ್ಲ. ಅವರಿಗೆ ಪ್ರತ್ಯೇಕ ಅಂಕಪಟ್ಟಿಗಳಿವೆ. ಬೀಟಾ ಬ್ಲಾಕರ್ ಔಷಧ ಸೇವಿಸುವವರಲ್ಲಿ ರಕ್ತಸ್ರಾವವಾದರೂ ನಾಡಿ ವೇಗಗೊಳ್ಳದೆ ಅಂಕ ಕಡಿಮೆಯೇ ಉಳಿಯಬಹುದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವ ರೋಗಿಗಳಿಗೆ ಆಮ್ಲಜನಕದ ಗುರಿ ಶೇಕಡ 88–92 ಆಗಿರುವುದರಿಂದ ಎರಡನೆಯ ಅಳತೆಪಟ್ಟಿಯನ್ನು ಬಳಸಲಾಗುತ್ತದೆ.

ಅಂಕ ಎಷ್ಟೇ ನಿಖರವಾಗಿದ್ದರೂ ಕರೆಗೆ ಸ್ಪಂದಿಸುವವರಿಲ್ಲದಿದ್ದರೆ ಪ್ರಯೋಜನವಿಲ್ಲ. ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ತುರ್ತು ತಂಡಗಳನ್ನು ಪರೀಕ್ಷಿಸಿದ 'ಮೆರಿಟ್' ಅಧ್ಯಯನ (2005) ಒಟ್ಟಾರೆ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸವನ್ನು ಕಾಣಲಿಲ್ಲ. ಕರೆಯಬೇಕಾದ ಲಕ್ಷಣಗಳಿದ್ದರೂ ಹಲವು ಬಾರಿ ತಂಡವನ್ನು ಕರೆದೇ ಇರಲಿಲ್ಲ ಎಂಬುದೂ ಅದರಿಂದ ತಿಳಿದುಬಂತು.

ಇವನ್ನೂ ನೋಡಿ

* ಶುಶ್ರೂಷೆ
* ರೋಗಿಯ ಸುರಕ್ಷತೆ
* ಹೃದಯ ಸ್ತಂಭನ
* ತೀವ್ರ ನಿಗಾ ಘಟಕ