ಇಸುಬು ಮತ್ತು ಮಾನಸಿಕ ಆರೋಗ್ಯ

ಇಸುಬು ಅಥವಾ ಎಕ್ಸಿಮಾ ಚರ್ಮದ ಉರಿಯೂತದಿಂದ ತೀವ್ರ ತುರಿಕೆಯನ್ನುಂಟುಮಾಡುವ ಕಾಯಿಲೆ. ಇದರ ಬಹುಸಾಮಾನ್ಯ ರೂಪವಾದ ಅಟೋಪಿಕ್ ಡರ್ಮಟೈಟಿಸ್ ಸಾಮಾನ್ಯವಾಗಿ ಶೈಶವದಲ್ಲಿ ಆರಂಭವಾಗುತ್ತದೆ. ಕೆಲವರಲ್ಲಿ ಅದು ಉಲ್ಬಣಿಸುತ್ತ, ಶಮನಗೊಳ್ಳುತ್ತ ದಶಕಗಳ ಕಾಲ ಉಳಿಯುತ್ತದೆ. ಪ್ರಾಣಾಪಾಯ ವಿರಳವಾದ್ದರಿಂದ ಇದನ್ನು ಅಲ್ಪ ಕಾಯಿಲೆಯೆಂದು ಪರಿಗಣಿಸುವುದುಂಟು. ಆದರೆ ಜಾಗತಿಕ ರೋಗಹೊರೆ ಅಧ್ಯಯನದ 2017ರ ಅಂದಾಜಿನಂತೆ ಚರ್ಮರೋಗಗಳ ಪೈಕಿ ಅತಿ ಹೆಚ್ಚಿನ ಹೊರೆ ಇದರದ್ದೇ ಆಗಿದೆ.

ತುರಿಕೆ ಮತ್ತು ನಿದ್ರೆ

ರೋಗಿಗಳನ್ನು ಹೆಚ್ಚು ಬಳಲಿಸುವುದು ಚರ್ಮದ ನೋಟಕ್ಕಿಂತ ತುರಿಕೆ. ರಾತ್ರಿ ದೇಹದಲ್ಲಿ ಕಾರ್ಟಿಸೋಲ್ ಪ್ರಮಾಣ ಇಳಿಯುತ್ತದೆ, ಚರ್ಮ ಬೆಚ್ಚಗಾಗುತ್ತದೆ ಮತ್ತು ಅದರಿಂದ ತೇವಾಂಶದ ನಷ್ಟ ಹೆಚ್ಚುತ್ತದೆ. ಇವೆಲ್ಲ ತುರಿಕೆಯನ್ನು ಕೆರಳಿಸುತ್ತವೆ. ಕೆರೆದಷ್ಟೂ ಚರ್ಮದ ರಕ್ಷಣಾ ಪದರ ಹಾಳಾಗಿ ಉರಿಯೂತ ಬಲಿಯುತ್ತದೆ, ಉರಿಯೂತ ಬಲಿತಂತೆ ಮತ್ತೆ ತುರಿಕೆ. ನಿದ್ದೆಗೆಟ್ಟ ಮಗು ಮರುದಿನ ಪಾಠದಲ್ಲಿ ಗಮನವಿಡಲಾರದು. ಅದರ ಕೈ ಹಿಡಿದುಕೊಂಡು ಎಚ್ಚರವಾಗಿದ್ದ ತಂದೆತಾಯಿಯರಿಗೂ ನಿದ್ದೆಯಿಲ್ಲ. ಮಾನಸಿಕ ಒತ್ತಡವೂ ಕಾಯಿಲೆಯನ್ನು ಉಲ್ಬಣಗೊಳಿಸುವುದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಅಳತೆ

ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಆಂಡ್ರ್ಯೂ ಫಿನ್ಲೆ ಮತ್ತು ಗುಲ್ ಕರೀಮ್ ಖಾನ್ 1994ರಲ್ಲಿ ಪ್ರಕಟಿಸಿದ ಚರ್ಮರೋಗ ಜೀವನ ಗುಣಮಟ್ಟ ಸೂಚ್ಯಂಕ, ಅಂದರೆ ಡಿಎಲ್‌ಕ್ಯುಐ, ವ್ಯಾಪಕ ಬಳಕೆಯಲ್ಲಿದೆ. ಹಿಂದಿನ ಒಂದು ವಾರದ ಬಗೆಗಿನ ಅದರ 10 ಪ್ರಶ್ನೆಗಳು ಮುಜುಗರ, ಉಡುಪು, ಉದ್ಯೋಗ, ದಾಂಪತ್ಯ ಮುಂತಾದವುಗಳಿಗೆ ಸಂಬಂಧಿಸಿವೆ. ಗರಿಷ್ಠ ಅಂಕ 30. 10ನ್ನು ಮೀರಿದರೆ ಪರಿಣಾಮ ಗಂಭೀರವೆಂದು ಅರ್ಥ. ವಿಚಿತ್ರವೆಂದರೆ ವಯಸ್ಕರ ಈ ಪ್ರಶ್ನಾವಳಿಯಲ್ಲಿ ನಿದ್ರೆಯ ಕುರಿತು ಪ್ರಶ್ನೆಯೇ ಇಲ್ಲ. ಮಕ್ಕಳ ಆವೃತ್ತಿಯಲ್ಲಿ ಅದಿದೆ.

ಖಿನ್ನತೆ ಮತ್ತು ಆತ್ಮಹತ್ಯೆಯ ಆಲೋಚನೆ

ಯುರೋಪಿನ 13 ದೇಶಗಳ ಚರ್ಮರೋಗ ಚಿಕಿತ್ಸಾಲಯಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 10.1 ರೋಗಿಗಳಲ್ಲಿ ಖಿನ್ನತೆ ಕಂಡುಬಂದಿತು. ಹೋಲಿಕೆಗೆ ಆಯ್ದವರಲ್ಲಿ ಇದು ಶೇ. 4.3. ಈ ಸಂಬಂಧ ಪ್ರಬಲವಾಗಿದ್ದ ಕಾಯಿಲೆಗಳಲ್ಲಿ ಅಟೋಪಿಕ್ ಡರ್ಮಟೈಟಿಸ್ ಮತ್ತು ಕೈ ಇಸುಬು ಸೇರಿದ್ದವು. ಆತ್ಮಹತ್ಯೆಯ ಆಲೋಚನೆಯ ವಿಷಯದಲ್ಲಿ ಆ ಅಧ್ಯಯನ ಸೋರಿಯಾಸಿಸ್‌ಗೆ ಮಾತ್ರ ಸ್ಪಷ್ಟ ಸಂಬಂಧ ತೋರಿಸಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯು ಅಟೋಪಿಕ್ ಡರ್ಮಟೈಟಿಸ್ ಇರುವವರಲ್ಲಿಯೂ ಇಂಥ ಆಲೋಚನೆ ಹೆಚ್ಚೆಂದು ಕಂಡುಕೊಂಡಿತು.

ಸಾಮಾಜಿಕ ಅಂಶಗಳು

ಇಸುಬು ಸಾಂಕ್ರಾಮಿಕವಲ್ಲ. ಆದರೂ ಕನ್ನಡದ ಆಡುಮಾತಿನಲ್ಲಿ ತುರಿಕೆಯ ಕಾಯಿಲೆಗಳನ್ನೆಲ್ಲ ‘ಕಜ್ಜಿ’ ಎನ್ನುವ ರೂಢಿ ಇರುವುದರಿಂದ, ನಿಜವಾಗಿ ಹರಡುವ ಹುಳುಕಜ್ಜಿಯ ಕಳಂಕ ಇದಕ್ಕೂ ತಗಲುತ್ತದೆ. ಕಪ್ಪು ಮತ್ತು ಕಂದು ಚರ್ಮದಲ್ಲಿ ಕೆಂಪು ಅಷ್ಟಾಗಿ ಎದ್ದು ಕಾಣದೆ ವೈದ್ಯರೂ ತೀವ್ರತೆಯನ್ನು ಕಡಿಮೆ ಅಂದಾಜಿಸಬಹುದು. ಉರಿಯೂತ ಇಳಿದ ಮೇಲೂ ಉಳಿಯುವ ಕಲೆಗಳು ಅನೇಕರಿಗೆ ಇನ್ನೊಂದು ಚಿಂತೆ.

ಚಿಕಿತ್ಸೆ

ಚರ್ಮದ ಚಿಕಿತ್ಸೆಯಿಂದಲೇ ಮನಸ್ಸಿಗೂ ಸ್ವಲ್ಪಮಟ್ಟಿನ ಉಪಶಮನ ದೊರೆಯುತ್ತದೆ. ಅಮೆರಿಕದಲ್ಲಿ 2017ರಲ್ಲಿ ಅನುಮೋದನೆ ಪಡೆದ ಡುಪಿಲುಮ್ಯಾಬ್ ಔಷಧದ ಪ್ರಯೋಗಗಳಲ್ಲಿ ತುರಿಕೆಯೊಂದಿಗೆ ಆತಂಕ ಮತ್ತು ಖಿನ್ನತೆಯ ಅಂಕಗಳೂ ಇಳಿದವು. ಕೆರೆಯುವ ಅಭ್ಯಾಸವನ್ನು ಬದಲಿಸುವ ವರ್ತನಾ ಚಿಕಿತ್ಸೆಯೂ ಬಳಕೆಯಲ್ಲಿದೆ. ಖಿನ್ನತೆ ಬಲವಾಗಿದ್ದಲ್ಲಿ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಅಗತ್ಯ. ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ಇಂಥವರಿಗೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.